ಫಾರ್ಮಲಿನ್‌ನಲ್ಲಿಟ್ಟ ಬಯಾಪ್ಸಿಯಲ್ಲಿ ಮಿಯಾಸಿಸ್ ನೋಡಬಹುದಾ?

ಆಸ್ಪತ್ರೆಯಿಂದ ವೃಷಣದ ಬಯಾಪ್ಸಿ ತುಣುಕು ಸಿಗುತ್ತವೆ, ಕೆಲವು ಫಾರ್ಮಲಿನ್‌ನಲ್ಲಿವೆ (ಅಂಗಾಂಶ ಕೆಡದಂತೆ ಇಡುವ ದ್ರಾವಣ), ಕೆಲವು ಮೈನಸ್ 80ರ ಫ್ರೀಜರ್‌ನಲ್ಲಿವೆ, ಎಂಎಸ್ಸಿ ಪ್ರಾಜೆಕ್ಟ್‌ಗೆ ಅದರಲ್ಲಿ ಕ್ರಾಸ್‌ಓವರ್, ಅಂದರೆ ಮಿಯಾಸಿಸ್‌ನಲ್ಲಿ (ವೀರ್ಯಾಣು, ಅಂಡಾಣು ಹುಟ್ಟುವ ಕೋಶವಿಭಜನೆ) ಜೋಡಿ ವರ್ಣತಂತುಗಳು ತುಣುಕು ಅದಲುಬದಲು ಮಾಡಿಕೊಳ್ಳುವ ಜಾಗಗಳನ್ನು, ಎಣಿಸಬಹುದಾ ಅಂತ ಕೇಳಿದ್ದೀರಿ. ಫಾರ್ಮಲಿನ್‌ನದ್ದರಲ್ಲಿ ಆಗುವುದಿಲ್ಲ. ಫ್ರೀಜರ್‌ನದ್ದರಲ್ಲಿ ಆಗಬಹುದು, ಆದರೆ ಬಂದ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ನಾನು ಇಂಥ ಸ್ಲೈಡ್ ಮಾಡುವ ಕೆಲಸದಲ್ಲೇ ಇದ್ದೇನೆ, ಅದಕ್ಕೇ ಇಷ್ಟು ನೇರವಾಗಿ ಹೇಳುತ್ತಿದ್ದೇನೆ.

ಕ್ರಾಸ್‌ಓವರ್ ಎಣಿಸಬೇಕಾದರೆ ಪ್ಯಾಕಿಟೀನ್ ಹಂತದ (ಮಿಯಾಸಿಸ್‌ನಲ್ಲಿ ವರ್ಣತಂತುಗಳು ಜೋಡಿಯಾಗಿ ಅಂಟಿಕೊಂಡಿರುವ ಹಂತ) ಕೋಶ ಬೇಕು. ಅದನ್ನು ಹೈಪೋಟಾನಿಕ್ ದ್ರಾವಣದಲ್ಲಿ (ಉಪ್ಪು ಕಡಿಮೆ ಇರುವುದರಿಂದ ಕೋಶದೊಳಗೆ ನೀರು ನುಗ್ಗಿಸುವ ದ್ರಾವಣ) ಊದಿಸಿ, ಸ್ಲೈಡ್ ಮೇಲೆ ಹರಡಿ, ಆಮೇಲೆ ಎಸ್‌ವೈಸಿಪಿ3 ಅನ್ನುವ ಪ್ರೋಟೀನ್‌ಗೆ ಅಂಟುವ ಆಂಟಿಬಾಡಿ ಹಾಕಿದರೆ ವರ್ಣತಂತುಗಳ ಜೋಡಿಗಳು ಗೆರೆಗಳಾಗಿ ಕಾಣುತ್ತವೆ, ಎಂಎಲ್‌ಎಚ್1 ಪ್ರೋಟೀನ್‌ನ ಆಂಟಿಬಾಡಿ ಹಾಕಿದರೆ ಆ ಗೆರೆಗಳ ಮೇಲೆ ಚುಕ್ಕಿಗಳು ಕಾಣುತ್ತವೆ; ಒಂದೊಂದು ಚುಕ್ಕಿ ಸುಮಾರಾಗಿ ಒಂದು ಕ್ರಾಸ್‌ಓವರ್. ಗಂಡಸರಲ್ಲಿ ಒಂದು ಕೋಶಕ್ಕೆ ಸರಾಸರಿ 50ರ ಆಸುಪಾಸು ಚುಕ್ಕಿ. ಫಾರ್ಮಲಿನ್ ಪ್ರೋಟೀನ್‌ಗಳನ್ನೆಲ್ಲ ಒಂದಕ್ಕೊಂದು ಬಿಗಿದುಬಿಡುತ್ತದೆ. ಬೆಂದ ಮೊಟ್ಟೆಯಿಂದ ಆಮ್ಲೆಟ್ ಮಾಡಲು ಬರುವುದಿಲ್ಲವಲ್ಲ, ಹಾಗೆ. ಕೋಶ ಊದುವುದೇ ಇಲ್ಲ, ಇನ್ನು ಹರಡುವುದೆಲ್ಲಿಂದ ಬಂತು? ಪ್ಯಾರಾಫಿನ್ (ಮೇಣ) ಬ್ಲಾಕ್ ಮಾಡಿ 5 ಮೈಕ್ರಾನ್ ದಪ್ಪಕ್ಕೆ ಕೊಯ್ದರೆ ಕೋಶಕೇಂದ್ರವೇ ತುಂಡಾಗುತ್ತದೆ, ಗೆರೆಗಳೂ ತುಂಡು. ಹಾಗಂತ ಅದನ್ನು ಎಸೆಯಬೇಡಿ. ಯಾವ ಹಂತದಲ್ಲಿ ಮಿಯಾಸಿಸ್ ನಿಂತುಹೋಗಿದೆ ಅಂತ ನೋಡುವುದಕ್ಕೆ ಅದು ಸಾಕು. ಆ ಕೆಲಸಕ್ಕೆ ಫಾರ್ಮಲಿನ್‌ಗಿಂತ ಬೌಯಿನ್ಸ್ ದ್ರಾವಣ ವಾಸಿ, ಅಂಗಾಂಶದ ರಚನೆ ಚೆನ್ನಾಗಿ ಉಳಿಯುತ್ತದೆ, ಆದರೆ ಡಿಎನ್‌ಎ, ಆರ್‌ಎನ್‌ಎ ಆಸೆ ಬಿಡಬೇಕು.

ಸ್ಲೈಡ್ ಮಾಡುವ ಬಗೆಯಿಂದ ಎಣಿಕೆ ಹೇಗೆ ಕೆಡುತ್ತದೆ ಅನ್ನುವುದಕ್ಕೆ ಹಳೆಯ ಕಥೆ ಇದೆ. 1923ರಲ್ಲಿ ಟೆಕ್ಸಾಸ್‌ನ ಪೇಂಟರ್ ಅನ್ನುವ ವಿಜ್ಞಾನಿ ಮನುಷ್ಯರ ವೃಷಣವನ್ನು ಫಿಕ್ಸ್ ಮಾಡಿ (ರಾಸಾಯನಿಕದಲ್ಲಿ ಗಟ್ಟಿಯಾಗಿಸಿ), ತೆಳ್ಳಗೆ ಕೊಯ್ದು, 48 ವರ್ಣತಂತು ಅಂದರು. ಒಂದರ ಮೇಲೊಂದು ಮುದ್ದೆಯಾಗಿ ಬಿದ್ದಿದ್ದವು, ಎಣಿಸುವುದು ಸುಲಭವಿರಲಿಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಪಠ್ಯಪುಸ್ತಕಗಳಲ್ಲಿ ಅದೇ ಸಂಖ್ಯೆ! 1952ರಲ್ಲಿ ಸೂ ಅವರು ಹೈಪೋಟಾನಿಕ್ ದ್ರಾವಣ ವರ್ಣತಂತುಗಳನ್ನು ಬಿಡಿಬಿಡಿಯಾಗಿ ಹರಡುತ್ತದೆ ಅಂತ ತೋರಿಸಿದ ಮೇಲೆ, 1956ರಲ್ಲಿ ತ್ಯೋ ಮತ್ತು ಲೆವಾನ್ 46 ಅಂದರು. ಅದೇ ವರ್ಷ ಫೋರ್ಡ್ ಮತ್ತು ಹ್ಯಾಮರ್ಟನ್ ವೃಷಣದ ಕೋಶಗಳಲ್ಲಿಯೇ 23 ಜೋಡಿ ಎಣಿಸಿದರು.

ಈಗ ಫ್ರೀಜರ್ ವಿಷಯ. ರಕ್ಷಕ ದ್ರಾವಣವಿಲ್ಲದೆ ಹೆಪ್ಪುಗಟ್ಟಿಸಿದರೆ ಐಸ್ ಹರಳು ಕೋಶದ ಪೊರೆ ಹರಿಯುತ್ತವೆ. ಎಸ್‌ವೈಸಿಪಿ3 ಗೆರೆ ಗಟ್ಟಿ, ಅದು ಹೇಗೋ ಉಳಿಯುತ್ತದೆ. ನಾನು ಭಯಪಡುವುದು ಚುಕ್ಕಿಗಳಿಗೆ. ಕೆಲವು ಮಂಕಾಗಿ ಕಾಣದೇ ಹೋದರೆ 50 ಇರಬೇಕಾದ್ದು ಕಡಿಮೆ ಬರುತ್ತದೆ, ನೀವು "ಈ ರೋಗಿಯಲ್ಲಿ ಕ್ರಾಸ್‌ಓವರ್ ಕಡಿಮೆ" ಅಂತ ಬರೆದುಬಿಡುತ್ತೀರಿ. ತಪ್ಪು ಫ್ರೀಜರ್‌ನದ್ದು, ಹೆಸರು ರೋಗಿಯದ್ದು. ಗಾಮಾ-ಎಚ್2ಎಎಕ್ಸ್ ಕೂಡ ಹೀಗೇ ಆಟ ಆಡಿಸುತ್ತದೆ. ಮಿಯಾಸಿಸ್‌ನಲ್ಲಿ ಡಿಎನ್‌ಎ ತುಂಡಾದಾಗ ಬರುವ ಗುರುತು ಅದು ನಿಜ, ಆದರೆ ಆಪರೇಷನ್ ಥಿಯೇಟರ್‌ನಿಂದ ಬರುವಷ್ಟರಲ್ಲಿ ತಡವಾಗಿ ಕೋಶ ಸಾಯುತ್ತಿದ್ದರೂ ಅದೇ ಗುರುತು ಬರುತ್ತದೆ. ಅದಕ್ಕೆ ಕಂಟ್ರೋಲ್ (ಹೋಲಿಕೆಗೆ ಇಡುವ) ತುಣುಕನ್ನೂ ಅದೇ ಫ್ರೀಜರ್‌ನಲ್ಲಿ, ಅಷ್ಟೇ ಕಾಲ ಇಟ್ಟದ್ದನ್ನೇ ತೆಗೆದುಕೊಳ್ಳಿ. ತಾಜಾ ಕಂಟ್ರೋಲ್ ಜೊತೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಸಾಧ್ಯವಿದ್ದರೆ ಮುಂದಿನ ಬಯಾಪ್ಸಿಯಲ್ಲಿ ಸ್ವಲ್ಪವನ್ನು ಐಸ್ ಮೇಲೆ, ಬಫರ್‌ನಲ್ಲಿ ತರಿಸಿ ಅವತ್ತೇ ಸ್ಲೈಡ್ ಮಾಡಿ. ಇನ್ನು ಸ್ವಲ್ಪವನ್ನು ಮೆಥನಾಲ್-ಅಸಿಟಿಕ್ ಆಸಿಡ್‌ನಲ್ಲಿ (3:1) ಫಿಕ್ಸ್ ಮಾಡಿ ಮೈನಸ್ 20ರಲ್ಲಿಟ್ಟರೆ ಫಿಶ್ (ಹೊಳೆಯುವ ಡಿಎನ್‌ಎ ತುಣುಕು ಅಂಟಿಸಿ ವರ್ಣತಂತು ಗುರುತಿಸುವ ವಿಧಾನ) ಮಾಡಲು ವರ್ಷಗಟ್ಟಲೆ ಬರುತ್ತದೆ, ಆಂಟಿಬಾಡಿ ಕೆಲಸಕ್ಕೆ ಮಾತ್ರ ಅದನ್ನು ನೆಚ್ಚಬೇಡಿ. ಮತ್ತೆ, ಉಳಿದ ತುಣುಕು ಅಂತ ಹಾಗೇ ತರಬೇಡಿ, ಎಥಿಕ್ಸ್ ಕಮಿಟಿ ಒಪ್ಪಿಗೆಯೂ ರೋಗಿಯ ಸಹಿಯೂ ಮೊದಲೇ ಇರಲಿ.