ಕೈ ಚಾಚೋ ಕೆಲಸ

ನನ್ನ ಬಳಿ ಸಲಹೆಗೆ ಬಂದ ಯುವತಿಯೊಬ್ಬರ ಕಥೆ ಇದು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಆಕೆ ಸಕಲೇಶಪುರದ ಕಡೆಯವರು, ವಯಸ್ಸು 28. ತಂದೆ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕಪತ್ರ ಬರೆಯುವವರು, ಆಗಿದ್ದವರು. ಹಾಸನದ ಸಣ್ಣ ಸಂಸ್ಥೆಯೊಂದರಲ್ಲಿ ನಾಲ್ಕು ವರ್ಷ ಬಡ ಮಕ್ಕಳಿಗೆ ಪಾಠ ಹೇಳಿದರು. ಕಳೆದ ವರ್ಷ ಅವರನ್ನು ಕಂಪನಿಗಳಿಂದ ದೇಣಿಗೆ ತರುವ ಕೆಲಸಕ್ಕೆ ಹಾಕಿದರು. ಅಂದಿನಿಂದ ನಿದ್ದೆ ಸರಿಯಿಲ್ಲ.

"ಮೇಡಂ, ನಿನ್ನ ಓದಿಸಿದ್ದು ಕೈ ಚಾಚೋಕಾ ಅಂತಾರೆ ಅಪ್ಪ." ಮೊದಲ ದಿನ ಬರೀ ಇದೇ ಮಾತು.

ಎರಡನೇ ಸಲ ಬಂದಾಗ ಬೇರೆ ವಿಷಯ ಹೊರಬಂತು. ಕಾಫಿ ಕುಯ್ಲಿನ ಕಾಲದಲ್ಲಿ ಲೈನ್ ಮನೆಗಳ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ, ದೊಡ್ಡ ಮಕ್ಕಳು ಶಾಲೆ ಬಿಟ್ಟು ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾರೆ. ಅದಕ್ಕಾಗಿ ಆಕೆ ಕೇಳಿದ್ದು ಒಬ್ಬ ಟೀಚರ್, ಚಿಕ್ಕವರಿಗೆ ಒಂದು ಕೋಣೆ. ಕಂಪನಿ ಕೊಟ್ಟಿದ್ದು ಬ್ಯಾಗು. ಫೋಟೋಗೆಂದು ಮಕ್ಕಳನ್ನು ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿದ್ದರು. "ನಾನೂ ಅಂಥ ಸಾಲಲ್ಲಿ ನಿಂತವಳೇ," ಎಂದು ಅತ್ತುಬಿಟ್ಟರು.

ನನಗೆ ಅಲ್ಲಿ ಎರಡು ನಾಚಿಕೆ ಕಂಡವು. ಕೇಳುವುದಕ್ಕೇ ನಾಚಿಕೆ, ಅದನ್ನು ಬಿಡಬಹುದು. ಮಕ್ಕಳನ್ನು ಹಾಗೆ ನಿಲ್ಲಿಸಿದ್ದಕ್ಕೆ ನಾಚಿಕೆ, ಅದು ಸರಿಯಾದದ್ದೇ. ಅದನ್ನು ಕಳೆದುಕೊಳ್ಳಬೇಡಿ ಎಂದೆ. ರಾಜೀನಾಮೆ ಪತ್ರ ಬರೆದಿಟ್ಟಿದ್ದರು. ಮೂರು ತಿಂಗಳು ತಡೆಯಿರಿ, ಅಷ್ಟರಲ್ಲೂ ನಿದ್ದೆ ಹತ್ತದಿದ್ದರೆ ಡಾಕ್ಟರನ್ನು ನೋಡೋಣ ಎಂದೆ.

ಆಮೇಲೆ ಕಾನೂನಿನ ಮಾತು ಬಂತು. ಆಕೆಗೆ ಗೊತ್ತಿದ್ದದ್ದೇ, ಆದರೆ ತನ್ನ ಬಲ ಎಂದು ಎಂದೂ ನೋಡಿರಲಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಿವ್ವಳ ಲಾಭ ಮಾಡುವ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿಯನ್ನಾದರೂ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದನ್ನೇ ಸಿಎಸ್‌ಆರ್ ಅನ್ನುವುದು. ಶಿಕ್ಷಣ ಆ ಪಟ್ಟಿಯಲ್ಲೇ ಇದೆ. ತಾನಿರುವ ಊರಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದೂ ಇದೆ. ಹಾಗಿದ್ದರೆ ಬೆಂಗಳೂರಿಗೇ ಯಾಕೆ ಓಡಬೇಕು? ಹಾಸನದ ಕೈಗಾರಿಕಾ ಪ್ರದೇಶದಿಂದಲೇ ಶುರು ಮಾಡಬಹುದು, ಅಲ್ವಾ? ಒಂದೇ ವರ್ಷಕ್ಕೆ ಮುಗಿಯದ ಯೋಜನೆಗೂ ಅವಕಾಶವಿದೆ. ಟೀಚರ್ ಸಂಬಳವನ್ನು ಧೈರ್ಯವಾಗಿ ಕೇಳಬಹುದು. ಸಂಸ್ಥೆಯ 12ಎ, 80ಜಿ (ಎರಡೂ ಆದಾಯ ತೆರಿಗೆಯವು), ಸಿಎಸ್‌ಆರ್-1 (ಸಿಎಸ್‌ಆರ್ ಹಣ ಪಡೆಯಲು ಬೇಕಾದದ್ದು) ನೋಂದಣಿ ಪತ್ರಗಳು ಮಾತ್ರ ಸರಿಯಿರಬೇಕು.

ಫೋಟೋ ವಿಷಯವನ್ನು ಒಪ್ಪಂದದಲ್ಲೇ ಬರೆಸಿ, ತಂದೆ ತಾಯಿ ಒಪ್ಪದೆ ಮಕ್ಕಳ ಮುಖ ಬೇಡ, ಸಾಲು ಬೇಡವೇ ಬೇಡ ಎಂದೆ. ಇದಕ್ಕೆ ನಿಮ್ಮ ಮೇಲಿನವರು ಒಪ್ಪದಿದ್ದರೆ, ಆಗ ಸಂಸ್ಥೆ ಬಿಡುವ ಯೋಚನೆ ಮಾಡಿ. ಕೆಲಸವನ್ನಲ್ಲ.

ತಂದೆಯ ಜೊತೆ ವಾದ ಮಾಡಬೇಡಿ ಎಂದೆ. ಅವರು ಜೀವನಪೂರ್ತಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಕೂಲಿಯ ಲೆಕ್ಕ, ಬರೆದವರು. ನಿಮ್ಮ ಬಜೆಟ್ ಹಾಳೆಯನ್ನು ಸುಮ್ನೆ ಅವರ ಮುಂದಿಡಿ.

ಮುಂದಿನ ಸಲ ಆಕೆ ಅದೇ ಹಾಳೆ ತಂದಿದ್ದರು. ಟೀಚರ್ ಸಂಬಳದ ಸಾಲಿನ ಪಕ್ಕ ತಂದೆಯ ಕೈಬರಹ: "ಫೆಬ್ರವರಿಗೇ ನಿಲ್ಲಿಸಿದ್ದೀಯ. ರೋಬಸ್ಟಾ ಕುಯ್ಲು ಮಾರ್ಚ್‌ವರೆಗೂ ಇರುತ್ತೆ. ಇನ್ನೊಂದು ತಿಂಗಳದ್ದು ಕೇಳು."