ಓದುಗರ ಪ್ರಶ್ನೆ: ಮೂಳೆ ಬೆಳೆಯಲೊಂದು ಜಾಲರಿ

ಪ್ರಶ್ನೆ: ಮೂಳೆಯ ದೊಡ್ಡ ಕೊರತೆಯನ್ನು ತುಂಬಲು ಟೈಟಾನಿಯಂ ಸ್ಕ್ಯಾಫೋಲ್ಡ್ (ಮೂಳೆ ಒಳಗೆ ಬೆಳೆಯಲು ಆಸರೆಯಾಗುವ ರಂಧ್ರಗಳ ಜಾಲರಿ) ವಿನ್ಯಾಸ ಮಾಡುವಾಗ ಗಟ್ಟಿಯಿದ್ದಷ್ಟೂ ಒಳ್ಳೆಯದಲ್ಲವೇ? ರಂಧ್ರ ಎಷ್ಟು ದೊಡ್ಡದಿರಬೇಕು?

ಉತ್ತರ: ತೀರಾ ಗಟ್ಟಿಯಾದರೆ ತೊಂದರೆಯೇ. ಟೈಟಾನಿಯಂ ಮಿಶ್ರಲೋಹದ ಸ್ಥಿತಿಸ್ಥಾಪಕ ಗುಣಾಂಕ, ಅಂದರೆ ಬಿಗಿತದ ಅಳತೆ, ಸುಮಾರು 110 ಗಿಗಾಪಾಸ್ಕಲ್; ಮೂಳೆಯ ಗಟ್ಟಿ ಹೊರಪದರದ್ದು 15ರಿಂದ 20. ಭಾರವನ್ನೆಲ್ಲ ಲೋಹವೇ ಹೊತ್ತರೆ ಪಕ್ಕದ ಮೂಳೆಗೆ ಕೆಲಸವಿಲ್ಲದಂತಾಗಿ ಅದು ಕ್ರಮೇಣ ಕರಗುತ್ತದೆ. ಮೊದಲ ಅಂದಾಜಿಗೆ ಕ್ಯಾಲ್ಕುಲೇಟರ್ ಸಾಕು: ಲೋಹದ ಗುಣಾಂಕವನ್ನು ಘನಾಂಶದ (ಜಾಲರಿಯ ಒಟ್ಟು ಗಾತ್ರದಲ್ಲಿ ಲೋಹದ ಪಾಲು) ವರ್ಗದಿಂದ ಗುಣಿಸಿ. ಶೇ. 70 ಖಾಲಿಯಿದ್ದರೆ 0.3ರ ವರ್ಗ 0.09, ಅಂದರೆ ಸುಮಾರು 10 ಗಿಗಾಪಾಸ್ಕಲ್. ಶೇ. 85 ಖಾಲಿಯಿದ್ದರೆ 2.5. ಸರಳುಗಳು ಬಾಗಿ ಭಾರ ಹೊರುವ ಜಾಲರಿಗಷ್ಟೇ ಈ ಲೆಕ್ಕ. ಭಾರದ ದಿಕ್ಕಿಗೇ ನೆಟ್ಟಗೆ ನಿಂತ ಸರಳುಗಳಿದ್ದರೆ ಬಿಗಿತ ಇನ್ನೂ ಹೆಚ್ಚು ಬರುತ್ತದೆ.

ರಂಧ್ರ ಸಾಮಾನ್ಯವಾಗಿ 300ರಿಂದ 600 ಮೈಕ್ರಾನ್. ಆದರೆ ರಂಧ್ರದ ಅಳತೆಯೊಂದನ್ನೇ ನೋಡಿ ಸುಮ್ಮನಾಗಬೇಡಿ; ಒಂದು ರಂಧ್ರದಿಂದ ಇನ್ನೊಂದಕ್ಕೆ ದಾಟುವ ಕಿಂಡಿಯನ್ನೂ ಅಳೆಯಿರಿ. 500 ಮೈಕ್ರಾನ್ ರಂಧ್ರಕ್ಕೆ 80 ಮೈಕ್ರಾನ್ ಕಿಂಡಿಯಿದ್ದರೆ ರಕ್ತನಾಳಗಳು ಒಳಕ್ಕೆ ನುಗ್ಗುವುದು ಕಷ್ಟ. ರಕ್ತನಾಳದಿಂದ ಸುಮಾರು 200 ಮೈಕ್ರಾನ್ ಆಚೆಗೆ ಆಮ್ಲಜನಕ ಸಾಕಷ್ಟು ತಲುಪದು. ಅಂಚಿನಲ್ಲಿ ಮೂಳೆ ಬೆಳೆದರೂ ನಡುಭಾಗ ಟೊಳ್ಳಾಗಿಯೇ ಉಳಿಯುತ್ತದೆ.

ಪ್ರಶ್ನೆ: ಕಂಪ್ಯೂಟರ್ ಮಾದರಿಯಲ್ಲಿ ತಡೆದುಕೊಂಡ ಜಾಲರಿ, ಪ್ರಿಂಟ್ ಮಾಡಿ ಒತ್ತಿದಾಗ ತುಂಬ ಕಡಿಮೆ ಭಾರಕ್ಕೇ ಮುರಿಯಿತು. ತಪ್ಪು ಎಲ್ಲಿ ಹುಡುಕಲಿ?

ಉತ್ತರ: ಮೊದಲು ಸರಳಿನ ದಪ್ಪದಲ್ಲಿ. ಲೇಸರ್‌ನಿಂದ ಲೋಹದ ಪುಡಿ ಕರಗಿಸಿ ಕಟ್ಟುವಾಗ, ಅಡ್ಡಡ್ಡ ಬರುವ ಸರಳು ಸಡಿಲ ಪುಡಿಯ ಮೇಲೆ ಕರಗಿ ಕೆಳಗೆ ಜೋತುಬೀಳುತ್ತದೆ. ಮೈಗೆ ಅರೆಬೆಂದ ಪುಡಿಕಣಗಳು ಅಂಟುತ್ತವೆ. ಕ್ಯಾಲಿಪರ್‌ಗೆ ಅದು ದಪ್ಪವಾಗಿಯೇ ಕಾಣುತ್ತದೆ, ಆದರೆ ಆ ಕಣಗಳು ಭಾರ ಹೊರುವುದಿಲ್ಲ. ಬಾಗುವ ಸರಳಿನ ಬಲ ವ್ಯಾಸದ ಘನಕ್ಕೂ ಬಿಗಿತ ನಾಲ್ಕನೇ ಘಾತಕ್ಕೂ ಅನುಗುಣ. ನಿಜವಾದ ವ್ಯಾಸ ಶೇ. 10 ಕಡಿಮೆಯಾದರೆ ಬಲ ಶೇ. 27, ಬಿಗಿತ ಶೇ. 34 ಇಳಿದೇಬಿಡುತ್ತದೆ! ಹಾಗಾಗಿ ಸಣ್ಣ ತುಂಡೊಂದನ್ನು ಅದೇ ಯಂತ್ರದಲ್ಲಿ, ಅದೇ ದಿಕ್ಕಿನಲ್ಲಿ ಪ್ರಿಂಟ್ ಮಾಡಿ, ಮೈಕ್ರೋ ಸಿಟಿ ಸ್ಕ್ಯಾನ್‌ನಲ್ಲಿ ಅಳೆದು, ಆ ಅಳತೆಯನ್ನೇ ಮಾದರಿಗೆ ಕೊಡಿ. ನಮ್ಮ ಪ್ರಕಾರ ಈ ಹೆಜ್ಜೆ ಬಿಟ್ಟ ಲೆಕ್ಕವನ್ನು ನಂಬಲೇಬಾರದು.

ಆಮೇಲೆ ಮೆಶ್, ಅಂದರೆ ಲೆಕ್ಕಕ್ಕಾಗಿ ಕಂಪ್ಯೂಟರ್ ಮಾದರಿಯನ್ನು ಎಲಿಮೆಂಟ್ ಎಂಬ ಸಣ್ಣ ತುಣುಕುಗಳಾಗಿ ಒಡೆದ ಬಲೆ. ಒರಟು ಮೆಶ್ ಜಾಲರಿಯನ್ನು ಇರುವುದಕ್ಕಿಂತ ಬಿಗಿಯಾಗಿ ತೋರಿಸುತ್ತದೆ. ಸರಳಿನ ಅಡ್ಡಕ್ಕೆ ನಾಲ್ಕೈದು ಎಲಿಮೆಂಟ್ ಬರಲಿ. ಎಲಿಮೆಂಟಿನ ಗಾತ್ರವನ್ನು ಅರ್ಧಕ್ಕಿಳಿಸಿದಾಗ ಉತ್ತರ ಶೇ. 5ಕ್ಕಿಂತ ಹೆಚ್ಚು ಬದಲಾದರೆ ಇನ್ನೂ ಸಣ್ಣದು ಮಾಡಿ. ಸರಳುಗಳು ಕೂಡುವ ಒಳಮೂಲೆ ಚೂಪಾಗಿದ್ದರೆ ಮೆಶ್ ಸಣ್ಣದಾದಂತೆಲ್ಲ ಅಲ್ಲಿನ ಒತ್ತಡ ಏರುತ್ತಲೇ ಹೋಗುತ್ತದೆ. ಅಲ್ಲಿ ಮೂಲೆಯನ್ನು ದುಂಡಗೆ ಮಾಡುವುದೇ ಮದ್ದು.

ಪ್ರಶ್ನೆ: ಲೆಕ್ಕಕ್ಕೆ ಯಾವ ಭಾರ ಕೊಡಬೇಕು? ರಂಧ್ರದಲ್ಲಿ ಮೂಳೆ ತುಂಬಿದೆ ಎಂದುಕೊಳ್ಳಬಹುದೇ?

ಉತ್ತರ: ಮೊದಲ ಲೆಕ್ಕದಲ್ಲಿ ಬೇಡ. ಶಸ್ತ್ರಚಿಕಿತ್ಸೆಯಾದ ದಿನ ಅಲ್ಲಿ ಮೂಳೆಯಿರುವುದಿಲ್ಲ. ಜಾಲರಿ ಮತ್ತು ಅದನ್ನು ಹಿಡಿದ ಪ್ಲೇಟು, ಸ್ಕ್ರೂಗಳೇ ಭಾರ ಹೊರಬೇಕು, ಅವೂ ಮಾದರಿಯಲ್ಲಿರಲಿ. ನೇರ ಒತ್ತಡದ ಜತೆಗೆ ಬಾಗು, ತಿರುಚು ಎರಡನ್ನೂ ಪರೀಕ್ಷಿಸಿ. ಜಾಲರಿ ಕರಗುವ ಪಾಲಿಮರಿನದಾದರೆ ಅದರ ಬಲ ಇಳಿಯುತ್ತಾ ಹೋಗುವ ಹಂತಗಳಿಗೆ ಬೇರೆ ಬೇರೆ ಲೆಕ್ಕ ಮಾಡಿ. ಜಾಲರಿ ಸೋತು, ಹೊಸ ಮೂಳೆ ಇನ್ನೂ ಗಟ್ಟಿಯಾಗದ ನಡುವಿನ ಅವಧಿಯೇ ಎಲ್ಲಕ್ಕಿಂತ ಅಪಾಯದ್ದು.