ಹಿತ್ತಲ ಪ್ರಶ್ನೋತ್ತರ: ಸ್ವೀಟ್ ಕಾರ್ನ್ ತೆನೆ ಯಾವಾಗ ಮುರಿಯಬೇಕು?

ಪ್ರಶ್ನೆ: ಅಕ್ಕಾ, ನಮಸ್ಕಾರ. ಮನೆ ಹಿಂದಿನ ಜಾಗದಲ್ಲಿ ಸ್ವೀಟ್ ಕಾರ್ನ್ ಹಾಕಿದ್ದೇನೆ. ಬೀಜದ ಪಾಕೀಟಿನ ಮೇಲೆ 80 ದಿನಕ್ಕೆ ಕೊಯ್ಲು ಅಂತ ಬರೆದಿದೆ. ಅದಕ್ಕೆ ನಾಲ್ಕೈದು ದಿನ ಮುಂಚೆ ತಡೆಯಲಾರದೆ ಒಂದು ತೆನೆ ಬಿಚ್ಚಿ ನೋಡಿದೆ. ಕಾಳು ಸಣ್ಣಗಿತ್ತು, ಒತ್ತಿದರೆ ಬರೀ ನೀರು. ನಮ್ಮ ಮಾವನವರು ಗೋವಿನಜೋಳ ಬೆಳೆಯುವುದರಲ್ಲಿ ಪಳಗಿದವರು. ‘ಸಿಪ್ಪಿ ಒಣಗೂತನಕ ಕೈ ಹಚ್ಚಬ್ಯಾಡ’ ಅಂತಾರೆ. ಪಾಕೀಟಿನ ಮಾತು ಕೇಳಲಾ, ಮಾವನವರ ಮಾತು ಕೇಳಲಾ?
– ಓದುಗರು, ರಾಣೆಬೆನ್ನೂರು

ಉತ್ತರ: ಎರಡೂ ಬೇಡ ತಂಗಿ. ತೆನೆಯ ಕೂದಲು ನೋಡಿ.

ಮಾವನವರ ಜತೆ ವಾದಕ್ಕೆ ಮಾತ್ರ ಹೋಗಬೇಡಿ. ಅವರ ಬೆಳೆಗೆ ಅವರ ಲೆಕ್ಕ ಸರಿಯಾಗಿಯೇ ಇದೆ. ಗೋವಿನಜೋಳವನ್ನು ನಾವು ಕಾಳಿಗಾಗಿ ಬೆಳೆಯುತ್ತೇವೆ. ಸಿಪ್ಪೆ ಒಣಗಬೇಕು, ಕಾಳು ಬಿಡಿಸಿದರೆ ಬುಡದಲ್ಲಿ ಕಪ್ಪು ಚುಕ್ಕೆ ಕಾಣಬೇಕು. ಆಗಲೇ ಅದು ಬಲಿತಿದೆ ಅಂತ. ಸ್ವೀಟ್ ಕಾರ್ನ್‌ನಲ್ಲಿ ನಮಗೆ ಬೇಕಿರುವುದು ಹಾಲುಗಾಳು. ಅದು ಬಲಿಯುವ ಮೊದಲೇ ಕೈಗೆ ಬರಬೇಕು. ಸಿಪ್ಪೆ ಒಣಗುವವರೆಗೆ ಬಿಟ್ಟರೆ ಸಕ್ಕರೆಯೆಲ್ಲ ಹಿಟ್ಟಾಗಿ, ಕಾಳು ಸುಕ್ಕುಗಟ್ಟಿ, ಬೀಜಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಬಾರದು.

ಪಾಕೀಟಿನ 80 ದಿನವೂ ಒಂದು ಅಂದಾಜು ಅಷ್ಟೇ. ಚಳಿ ಜಾಸ್ತಿಯಾದರೆ ಗಿಡ ತಡ ಮಾಡುತ್ತದೆ, ಸೆಕೆ ಇದ್ದರೆ ಓಡುತ್ತದೆ. ಬಿತ್ತಿದ ದಿನದಿಂದ ಎಣಿಸುವುದನ್ನು ಬಿಡಿ. ತೆನೆಯ ತುದಿಯಲ್ಲಿ ತಿಳಿ ಹಸಿರು ಕೂದಲು ಇಣುಕುತ್ತದಲ್ಲ, ಆ ದಿನದಿಂದ ಎಣಿಸಿ. ನಮ್ಮ ಕಡೆಯ ಬಿಸಿಲಿಗೆ 18ರಿಂದ 22 ದಿನ, ಡಿಸೆಂಬರ್-ಜನವರಿ ಚಳಿಯಲ್ಲಾದರೆ ಇನ್ನೂ ಎರಡು ಮೂರು ದಿನ. ನಾನು ಮೈಸೂರಿನ ನಮ್ಮ ಹಿತ್ತಲಲ್ಲಿ ಕೂದಲು ಬಂದ ಗಿಡಕ್ಕೆಲ್ಲ ಹಳೆ ಸೀರೆಯ ಚೂರು ಕಟ್ಟುತ್ತೇನೆ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕವೇ ಒಂದು ಗುರುತು. ನಮ್ಮ ಯಜಮಾನರು ನೋಡಿ ನಗುತ್ತಾರೆ. ತೆನೆ ಬೇಯಿಸಿದ ದಿನ ಮಾತ್ರ ಮೊದಲು ತಟ್ಟೆ ಹಿಡಿಯುವವರು ಅವರೇ.

ಹದಿನೆಂಟನೇ ದಿನದಿಂದ ದಿನಾ ಹೋಗಿ ನೋಡಿ. ಕೂದಲು ಕಂದು ಬಣ್ಣಕ್ಕೆ ತಿರುಗಿ ಒಣಗಿರಬೇಕು. ಆದರೆ ಸಿಪ್ಪೆಯೊಳಕ್ಕೆ ಹೋಗುವ ಕಡೆ ಸ್ವಲ್ಪ ಹಸಿ ಇರುತ್ತದೆ. ಸಿಪ್ಪೆ ಹಸಿರಾಗಿಯೇ ಇರಬೇಕು. ಆಮೇಲೆ ತೆನೆಯ ತುದಿಯನ್ನು ಸಿಪ್ಪೆಯ ಮೇಲಿಂದಲೇ ಬೆರಳಲ್ಲಿ ಒತ್ತಿ. ಚೂಪಾಗಿ ಸಿಕ್ಕಿದರೆ ಇನ್ನೂ ತುಂಬಿಲ್ಲ. ಮೊಂಡಾಗಿ, ದುಂಡಗೆ ಸಿಕ್ಕಿದರೆ ತುಂಬಿದೆ. ಗಿಡದಲ್ಲಿರುವ ತೆನೆಯ ಸಿಪ್ಪೆಯನ್ನು ಮಾತ್ರ ಪದೇ ಪದೇ ಬಿಚ್ಚಿ ನೋಡಬೇಡಿ. ಒಮ್ಮೆ ಬಾಯಿ ತೆರೆದ ತೆನೆಗೆ ಇರುವೆ, ಹುಳು, ಗಿಳಿ ಎಲ್ಲರೂ ನೆಂಟರು.

ಗಟ್ಟಿ ಮಾಡಿಕೊಳ್ಳಬೇಕು ಅನಿಸಿದರೆ ಒಂದೇ ಒಂದು ತೆನೆಯ ಸಿಪ್ಪೆ ತುಸು ಸರಿಸಿ, ಕಾಳಿಗೆ ಉಗುರು ಊರಿ. ನೀರು ಬಂದರೆ ಎಳಸು. ಹಾಲು ಚಿಮ್ಮಿದರೆ ಹದ. ಹಿಟ್ಟಿನ ಹಾಗೆ ಅಂಟಿದರೆ ಹೊತ್ತು ಮೀರಿದೆ. ಬೀದಿಯಲ್ಲಿ ಕೆಂಡದ ಮೇಲೆ ಜೋಳ ಸುಡುವವರ ಹತ್ತಿರ ನಾವೆಲ್ಲ ಹೀಗೇ ಅಲ್ವಾ ಉಗುರು ಒತ್ತಿ ಆರಿಸುವುದು?

ಈ ಪರೀಕ್ಷೆಯಲ್ಲಿ ಒಂದು ತೊಡಕಿದೆ. ಪಾಕೀಟಿನಲ್ಲಿ ಒಂದೆರಡು ಬೀಜ ಉಳಿದಿದ್ದರೆ ತೆಗೆದು ನೋಡಿ. ತೀರಾ ಸುಕ್ಕಾಗಿ, ಹಗುರವಾಗಿ, ಒಳಗೆ ಏನೂ ಇಲ್ಲವೇನೋ ಅನ್ನುವ ಹಾಗಿದ್ದರೆ ಅದು ಸೂಪರ್ ಸ್ವೀಟ್ ಜಾತಿ. ಈಗ ಅಂಗಡಿಗಳಲ್ಲಿ ಇಂಥ ಹೈಬ್ರಿಡ್ ಬೀಜ ತುಂಬಾ ಸಿಗುತ್ತದೆ. ಅದರ ರಸ ಹದವಾದಾಗಲೂ ತಿಳಿಯಾಗಿಯೇ ಇರುತ್ತದೆ. ಗಟ್ಟಿ ಹಾಲು ಬರಲಿ ಅಂತ ಕಾದರೆ ಸುಮ್ನೆ ಮುದಿ ಮಾಡಿಕೊಂಡಂತೆ. ಅಲ್ಲಿ ಕಾಳಿನ ಗಾತ್ರ, ಬಣ್ಣ ನೋಡಿ. ಸಾಲಿನ ಕಾಳುಗಳು ಒಂದಕ್ಕೊಂದು ಒತ್ತಿಕೊಂಡು ತುಂಬಿವೆಯಾ? ಹಾಗಾದರೆ ಒಂದು ಕಾಳು ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳಿ, ನಾಲಗೆಯೇ ಹೇಳುತ್ತದೆ. ನಿಮ್ಮ ತೆನೆಯಲ್ಲಿ ಕಾಳೇ ಸಣ್ಣಗಿತ್ತು ಅಂದಿರಿ. ಹಾಗಾಗಿ ಅದು ನಿಜಕ್ಕೂ ಎಳಸೇ.

ರಾಣೆಬೆನ್ನೂರು ಅಂದಮೇಲೆ ಇನ್ನೊಂದು ಮಾತು ಹೇಳಲೇಬೇಕು. ಸುತ್ತಲೂ ಗೋವಿನಜೋಳದ ಹೊಲಗಳು. ಆ ಹೊಲ ಮತ್ತು ನಿಮ್ಮ ಹಿತ್ತಲು ಒಂದೇ ಸಮಯಕ್ಕೆ ಹೂ ಬಿಟ್ಟರೆ, ಗಾಳಿಯಲ್ಲಿ ಬಂದ ಅವರ ಪರಾಗ ನಿಮ್ಮ ಕೂದಲಿನ ಮೇಲೆ ಕೂರುತ್ತದೆ. ಹಾಗೆ ಕಟ್ಟಿದ ಕಾಳು ಅದೇ ತೆನೆಯಲ್ಲೇ ಹಿಟ್ಟುಹಿಟ್ಟಾಗಿ, ಸಪ್ಪೆಯಾಗಿ ಬರುತ್ತದೆ. ನೀವು ಎಷ್ಟು ಸರಿಯಾದ ದಿನ ಮುರಿದರೂ ಅಷ್ಟೇ. ಮುಂದಿನ ಸಲ ಅವರ ಬಿತ್ತನೆಗೂ ನಿಮ್ಮದಕ್ಕೂ ಮೂರು ವಾರವಾದರೂ ಅಂತರ ಇರಲಿ. ನೀರಿನ ಅನುಕೂಲ ಇದ್ದರೆ ಮುಂಗಾರು ಬೆಳೆ ಮುಗಿದ ಮೇಲೆ ಹಾಕುವುದು ಇನ್ನೂ ಒಳ್ಳೆಯದು.

ಮುರಿಯುವುದು ಬೆಳಗ್ಗೆ, ಬಿಸಿಲೇರುವ ಮೊದಲು. ತೆನೆಯನ್ನು ಕೆಳಕ್ಕೆ ಬಗ್ಗಿಸಿ ತಿರುಚಿದರೆ ಟಕ್ ಅಂತ ಬರುತ್ತದೆ. ಮೇಲಿನ ತೆನೆ ಮೊದಲು, ಕೆಳಗಿನದು ಕೆಲವು ದಿನ ಬಿಟ್ಟು. ಹಳೆಯ ಮಾಮೂಲಿ ಸಿಹಿ ಜಾತಿಗಳು 30 ಡಿಗ್ರಿ ಸೆಕೆಯಲ್ಲಿ ಒಂದೇ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಸಕ್ಕರೆ ಕಳೆದುಕೊಳ್ಳುತ್ತವೆ. ಸೂಪರ್ ಸ್ವೀಟ್ ಕೆಲವು ದಿನ ತಾಳುತ್ತದೆ. ಆದರೂ ಒಲೆಯ ಮೇಲೆ ನೀರಿಟ್ಟು ಹಿತ್ತಲಿಗೆ ಹೋಗುವುದೇ ನನ್ನ ಪದ್ಧತಿ. ಐದಾರು ನಿಮಿಷ ಬೆಂದರೆ ಸಾಕು. ಉಪ್ಪು ಕೊನೆಗೆ. ಮಾವನವರಿಗೆ ಮೊದಲ ತೆನೆ ಕೊಡಿ, ಸಿಪ್ಪೆಯ ವಿಷಯ ಎತ್ತಬೇಡಿ.

ಪ್ರಶ್ನೆ: ಟೆರೇಸ್‌ನಲ್ಲಿ ಕುಂಡಗಳನ್ನು ಗೋಡೆಯುದ್ದಕ್ಕೂ ಒಂದೇ ಸಾಲಿನಲ್ಲಿ ಇಟ್ಟು ಬೆಳೆದೆ. ತೆನೆಯಲ್ಲಿ ಅರ್ಧಕ್ಕರ್ಧ ಕಾಳೇ ಇಲ್ಲ. ಇನ್ನೂ ಬಿಟ್ಟಿದ್ದರೆ ತುಂಬುತ್ತಿತ್ತೇ?
– ಓದುಗರು, ಬೆಂಗಳೂರು

ಉತ್ತರ: ಇಲ್ಲಪ್ಪ, ತಿಂಗಳು ಬಿಟ್ಟಿದ್ದರೂ ತುಂಬುತ್ತಿರಲಿಲ್ಲ. ಒಂದೊಂದು ಕೂದಲೂ ಒಂದೊಂದು ಕಾಳಿಗೆ ಸೇರಿದ್ದು. ಪರಾಗ ಬೀಳದ ಕೂದಲಿನ ಕಾಳು ಖಾಲಿ. ಒಂದೇ ಸಾಲಾದರೆ ಗಾಳಿಗೆ ಪರಾಗವೆಲ್ಲ ಪಕ್ಕದ ಮನೆಗೆ ಹೋಗುತ್ತದೆ. ನಾಲ್ಕು ಸಾಲು, ಸಾಲಿಗೆ ನಾಲ್ಕು ಗಿಡ, ಹೀಗೆ ಗುಂಪಾಗಿ ಇಡಿ. ಕೂದಲು ಬಂದ ವಾರದಲ್ಲಿ ದಿನಾ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಗಿಡದ ತುದಿಯ ಗಂಡು ಹೂವನ್ನು ಮೆಲ್ಲಗೆ ಅಲುಗಾಡಿಸಿ. ಹಳದಿ ಪುಡಿ ಕೂದಲಿನ ಮೇಲೆ ಬಿದ್ದರಾಯಿತು. ತುದಿಯಲ್ಲಿ ಮಾತ್ರ ಒಂದಿಷ್ಟು ಕಾಳು ಕಟ್ಟದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರಶ್ನೆ: ತೆನೆಯ ತುದಿಯಲ್ಲಿ ಹುಳು ಇತ್ತು. ಅಷ್ಟು ಭಾಗ ಕತ್ತರಿಸಿ ಉಳಿದದ್ದು ತಿನ್ನಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಧಾರಾಳವಾಗಿ, ಔಷಧಿ ಹೊಡೆದಿಲ್ಲದಿದ್ದರೆ. ಆದರೆ ಬೂಷ್ಟು ಹಿಡಿದಿದ್ದರೆ ಇಡೀ ತೆನೆ ಗೊಬ್ಬರದ ಗುಂಡಿಗೆ ಹಾಕಿ. ಮುಂದಿನ ಬೆಳೆಯಲ್ಲಿ ಗಿಡ ಮೊಣಕಾಲುದ್ದ ಇರುವಾಗಲೇ ಸುಳಿ ಬಿಡಿಸಿ ನೋಡಿ. ಎಲೆಯಲ್ಲಿ ಸಾಲು ತೂತು, ಸುಳಿಯಲ್ಲಿ ಹೊಟ್ಟಿನಂಥ ಹಿಕ್ಕೆ ಕಂಡರೆ ಅದು ಫಾಲ್ ಆರ್ಮಿವರ್ಮ್ ಅನ್ನುವ ಸೈನಿಕ ಹುಳು. ಭಾರತದಲ್ಲಿ ಇದು ಮೊದಲು ಕಾಣಿಸಿಕೊಂಡಿದ್ದೇ ನಿಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ, 2018ರಲ್ಲಿ. ಹಿತ್ತಲಿನ ನಾಲ್ಕಾರು ಗಿಡಕ್ಕಾದರೆ ಕೈಯಲ್ಲೇ ಆರಿಸಿ ಸೋಪಿನ ನೀರಿಗೆ ಹಾಕಿದರೆ ಸಾಕು.